ಊರಿಗೆ ಬಂದ ಫೈಬರ್ ಮನೆಗೆ ಬಂದಿದೆಯೇ?

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಸಭೆಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಾಠ. ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ನಾರಾಯಣಪುರ ಎಡದಂಡೆ ಕಾಲುವೆಯ ನೀರನ್ನು ನಂಬಿ ಒಕ್ಕಲುತನ ಮಾಡುವವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಬಸವಸಾಗರದಿಂದ ಕಾಲುವೆಗೆ ನೀರು ಬಿಟ್ಟರೆಂಬ ಸುದ್ದಿ ಕೇಳಿದ ದಿನವೇ ಕಾಲುವೆಯ ಕೊನೆಯಂಚಿನ ರೈತನು ಭತ್ತದ ಸಸಿಮಡಿ ಹಾಕುವುದಿಲ್ಲ. ವಿತರಣಾ ಕಾಲುವೆಗೆ ನೀರು ಇಳಿಯಿತೇ, ಹೂಳು ತೆಗೆದಿದ್ದಾರೆಯೇ, ಮೇಲಿನ ಹೊಲದವರು ಬಿಡುವರೇ ಎಂದು ಒಂದೊಂದನ್ನೇ ವಿಚಾರಿಸುತ್ತಾನೆ. ಕೊನೆಗೆ ತಾನೇ ದಂಡೆಗುಂಟ ನಡೆದು ನೋಡಿ ಬರುತ್ತಾನೆ. ಕಾಲುವೆ ಬಂದಿದೆ ಎಂಬ ಮಾತು ಬೇರೆ, ಹೊಲಕ್ಕೆ ನೀರು ಬಂದಿದೆ ಎಂಬ ಮಾತು ಬೇರೆ ಎಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ.

ಫೈಬರ್ ಅಂತರ್ಜಾಲದ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. "ನಮ್ಮ ಪಂಚಾಯತಿಗೆ ಫೈಬರ್ ಬಂದಿದೆ" ಎಂದು ವರದಿಯಲ್ಲಿ ಬರೆದು ಸಹಿ ಮಾಡುತ್ತೇವೆ. ಅದು ಎಷ್ಟನೆಯ ಕಂಬದವರೆಗೆ ಬಂದಿದೆ, ಯಾವ ಓಣಿಗೆ ದೊರೆಯುತ್ತದೆ, ಯಾವ ದೊಡ್ಡಿಗೆ, ಯಾವ ತಾಂಡಾಕ್ಕೆ ದೊರೆಯುವುದಿಲ್ಲ ಎಂಬುದನ್ನು ದಂಡೆಗುಂಟ ನಡೆದು ನೋಡುವುದಿಲ್ಲ. ಆ ತಪ್ಪನ್ನು ಮಾಡಿದವರಲ್ಲಿ ನಾನೂ ಒಬ್ಬನು.

ನಾನು ಹೇಳಿದ ಒಂದು ಮಾತು

ನಾನು ಇಂಜಿನಿಯರಿಂಗ್ ಪದವೀಧರ. ಫೈಬರಿನಲ್ಲಿ ಬೆಳಕು ಹೇಗೆ ಸಾಗುತ್ತದೆ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದವನು. ಕೆಲವು ವರ್ಷಗಳ ಹಿಂದೆ, ನಾನು ಆಗ ಕೆಲಸ ಮಾಡುತ್ತಿದ್ದ ಪಂಚಾಯತಿಯ ಒಂದು ದೊಡ್ಡಿಯ ಯುವಕನು ಬೆಂಗಳೂರಿನಿಂದ ನನಗೆ ದೂರವಾಣಿ ಕರೆ ಮಾಡಿದನು. ಅಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕಪತ್ರ ದಾಖಲಿಸುವ ಕೆಲಸ ಅವನದು. ಊರಿನಲ್ಲಿ ತಾಯಿಗೆ ಆರೋಗ್ಯ ಸರಿಯಿರಲಿಲ್ಲ, ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಮನೆಯಲ್ಲಿ ತಂತಿಯ ಅಂತರ್ಜಾಲ ಸಂಪರ್ಕವಿದ್ದರೆ ಊರಿನಿಂದಲೇ ಕೆಲಸ ಮಾಡಬಹುದೆಂದು ಅವನ ಮಾಲೀಕರು ಒಪ್ಪಿದ್ದರು.

"ಸಾಹೇಬ್ರ, ನಮ್ಮ ಮನಿಗಿ ಫೈಬರ್ ಬರ್ತದೇನ್ರಿ?" ಎಂದು ಅವನು ಕೇಳಿದನು.

ನಾನು ಕುರ್ಚಿಯಿಂದ ಏಳಲಿಲ್ಲ. ಒಂದು ಜಾಲತಾಣದಲ್ಲಿ ನಮ್ಮ ಪಿನ್‌ಕೋಡ್ ಒತ್ತಿ ನೋಡಿದೆ. ಸೇವೆ ಲಭ್ಯವಿದೆ ಎಂದು ಬಂದಿತು. "ಬರ್ತದ, ಬಾರಪ್ಪ" ಎಂದೆ.

ಅವನು ಬಂದನು. ಸೇವಾದಾರರ ಕಡೆಯ ತಂತ್ರಜ್ಞನು ಬಂದು ನೋಡಿದಾಗ, ತಂತಿಯ ಕೊನೆಯ ಪೆಟ್ಟಿಗೆ ಇದ್ದದ್ದು ಊರೊಳಗಿನ ಹಳೆಯ ಚಾವಡಿಯ ಬಳಿ. ಅಲ್ಲಿಂದ ಅವನ ದೊಡ್ಡಿ ಒಂದೂವರೆ ಕಿಲೋಮೀಟರ್. ಬೆಳಕಿಗೆ ಒಂದೂವರೆ ಕಿಲೋಮೀಟರ್ ದೊಡ್ಡ ದೂರವೇ ಅಲ್ಲ. ಆದರೆ 50 ಮೀಟರಿಗೆ ಒಂದು ಕಂಬವೆಂದು ಲೆಕ್ಕ ಹಾಕಿದರೂ 30 ಕಂಬಗಳು ಬೇಕು, ಮತ್ತು ಒಂದು ಮನೆಗಾಗಿ 30 ಕಂಬ ನೆಡುವವರು ಯಾರೂ ಇಲ್ಲ. ಮೊಬೈಲ್ ಸಿಗ್ನಲ್ ಹಿಡಿದು ಎರಡು ವಾರ ಪ್ರಯತ್ನಿಸಿದನು, ಆಗಲಿಲ್ಲ. ಮರಳಿ ಬೆಂಗಳೂರಿನ ಬಸ್ಸು ಹತ್ತಿದನು. ಕೆಲವು ದಿನಗಳ ಮೇಲೆ ಅವನ ತಾಯಿ ಪಿಂಚಣಿಯ ಕೆಲಸಕ್ಕಾಗಿ ಕಚೇರಿಗೆ ಬಂದಿದ್ದರು. ಅವರು ನನ್ನನ್ನು ದೂರಲಿಲ್ಲ. "ನೀವು ಹೇಳಿದ್ರಿ ಅಂತ ಬಂದಿದ್ದ ನೋಡ್ರಿ" ಎಂದಷ್ಟೇ ಹೇಳಿದರು.

ಪಿನ್‌ಕೋಡ್ ಹೇಳಿದ್ದು ಸುಳ್ಳಲ್ಲ. ನಾನು ಕೇಳಿದ ಪ್ರಶ್ನೆ ತಪ್ಪಾಗಿತ್ತು. ಆದುದರಿಂದ ಸರಿಯಾದ ಪ್ರಶ್ನೆಗಳು ಯಾವುವು ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಮ್ಮ ಪಂಚಾಯತಿಗೆ ಬಂದಿರುವುದು ಏನು?

ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ತಾಲ್ಲೂಕು ಕೇಂದ್ರದಿಂದ ಹೊರಟಿದ್ದ ಹಳೆಯ ದೂರವಾಣಿ ಫೈಬರ್‌ಗೆ ಹೊಸ ತಂತಿಯನ್ನು ಜೋಡಿಸಿ, ಅದನ್ನು ಗ್ರಾಮ ಪಂಚಾಯತಿಯ ಕಟ್ಟಡಕ್ಕೆ ಮುಟ್ಟಿಸುವುದು ಮೊದಲ ಹಂತದ ಕೆಲಸ. ದೇಶದ ಒಂದು ಲಕ್ಷ ಪಂಚಾಯತಿಗಳನ್ನು ಸೇರಿಸುವ ಆ ಹಂತವು 2017ರ ಡಿಸೆಂಬರ್‌ನಲ್ಲಿ ಮುಗಿಯಿತು. ಪ್ರತಿ ಪಂಚಾಯತಿಗೆ ಸೆಕೆಂಡಿಗೆ 100 ಮೆಗಾಬಿಟ್ ವೇಗ ಎಂಬುದು ಅದರ ಗುರಿಯಾಗಿತ್ತು.

ಈ ಯೋಜನೆಯ ಕೊನೆಯ ನಿಲ್ದಾಣ ಪಂಚಾಯತಿ ಕಚೇರಿಯೇ ಆಗಿತ್ತು, ನಾಗರಿಕರ ಮನೆಯಲ್ಲ. ಅಲ್ಲಿಂದ ಮನೆಗಳಿಗೆ ಒಯ್ಯುವುದು ಸೇವಾದಾರರ ಮತ್ತು ಸ್ಥಳೀಯ ಪಾಲುದಾರರ ಹೊಣೆ ಎಂದು ಭಾವಿಸಲಾಗಿತ್ತು. 2018ರಲ್ಲಿ ಆರಂಭವಾದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮದಲ್ಲಿ ನಮ್ಮ ಯಾದಗಿರಿ ಜಿಲ್ಲೆಯೂ ಸೇರಿದೆ. ಅದರ ಮಾನದಂಡಗಳಲ್ಲಿ ಅಂತರ್ಜಾಲ ಸಂಪರ್ಕವಿರುವ ಗ್ರಾಮ ಪಂಚಾಯತಿಗಳ ಶೇಕಡಾವಾರು ಪ್ರಮಾಣವೂ ಒಂದು. ಅಲ್ಲಿ ಎಣಿಸುವುದು ಪಂಚಾಯತಿಗಳನ್ನು. ಒಂದು ಪಂಚಾಯತಿಯಲ್ಲಿ ನಾಲ್ಕು ಹಳ್ಳಿ, ಎರಡು ತಾಂಡಾ, ಮೂರು ದೊಡ್ಡಿ, ಒಂದು ಕ್ಯಾಂಪ್ ಇದ್ದರೂ ಆ ಲೆಕ್ಕದಲ್ಲಿ ಅದು ಒಂದೇ ಅಂಕಿ. ಕಚೇರಿಯ ಪೆಟ್ಟಿಗೆಯ ದೀಪ ಉರಿದರೆ ಅಂಕಿ ಪೂರ್ಣವಾಯಿತು. ಮೇಲಿನವರಿಗೆ ಆ ಲೆಕ್ಕ ಬೇಕು. ನಮಗೆ ಮಾತ್ರ ಅದು ಸಾಲದು, ಏಕೆಂದರೆ ನಮ್ಮನ್ನು ಕೇಳುವವರು ಮನೆಯವರು.

2023ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ತಿದ್ದುಪಡಿಗೊಂಡ ಭಾರತ್‌ನೆಟ್ ಕಾರ್ಯಕ್ರಮಕ್ಕೆ 1,39,579 ಕೋಟಿ ರೂಪಾಯಿಗಳ ಒಪ್ಪಿಗೆ ನೀಡಿದೆ. ಅದರಲ್ಲಿ ಸದಸ್ಯರು ನೆನಪಿಡಬೇಕಾದ ಅಂಶಗಳು ಮೂರು. ಒಂದು, ಪಂಚಾಯತಿಗಳನ್ನು ಒಂದೇ ಎಳೆಯಲ್ಲಿ ಪೋಣಿಸುವ ಬದಲು ವರ್ತುಲಾಕಾರದಲ್ಲಿ ಜೋಡಿಸಲಾಗುತ್ತದೆ. ಎರಡು, ಪಂಚಾಯತಿ ಕೇಂದ್ರವಲ್ಲದ ಸುಮಾರು 3.8 ಲಕ್ಷ ಹಳ್ಳಿಗಳಿಗೆ, ಬೇಡಿಕೆ ಬಂದಲ್ಲಿ, ಫೈಬರ್ ಒಯ್ಯಲು ಅವಕಾಶವಿದೆ. ಮೂರು, ಗ್ರಾಮೀಣ ಪ್ರದೇಶದಲ್ಲಿ 1.5 ಕೋಟಿ ಮನೆ ಸಂಪರ್ಕಗಳನ್ನು ಐದು ವರ್ಷಗಳಲ್ಲಿ ನೀಡುವ ಗುರಿಯಿದೆ. ಎರಡನೆಯ ಅಂಶದಲ್ಲಿರುವ "ಬೇಡಿಕೆ ಬಂದಲ್ಲಿ" ಎಂಬ ಮಾತನ್ನು ದಯವಿಟ್ಟು ಗುರುತು ಹಾಕಿಕೊಳ್ಳಿರಿ. ನಾನು ಕೊನೆಯಲ್ಲಿ ಅದಕ್ಕೇ ಮರಳಿ ಬರುತ್ತೇನೆ.

ಬೆಳಕು ಹಂಚಿಕೆಯಾಗುವ ಬಗೆ

ಫೈಬರ್ ಎಂದರೆ ಗಾಜಿನ ಎಳೆ. ಬೆಳಕು ಸಾಗುವ ಅದರ ಒಳತಿರುಳು ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ತೆಳ್ಳಗಿರುತ್ತದೆ. ಒಳಗೆ ಸಾಗುವ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಕಾಣುವುದಿಲ್ಲವೆಂದು ತುಂಡಾದ ತಂತಿಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಮಕ್ಕಳಿಗೂ ಇದನ್ನು ತಿಳಿಸಬೇಕು.

ಸಾಮಾನ್ಯವಾಗಿ ತಾಲ್ಲೂಕು ಕೇಂದ್ರದ ದೂರವಾಣಿ ಕೇಂದ್ರದಲ್ಲಿರುವ ಯಂತ್ರದಿಂದ ಬೆಳಕು ಹೊರಡುತ್ತದೆ. ಇದನ್ನು ಮುಖ್ಯ ಕಾಲುವೆಯ ಗೇಟು ಎಂದು ತಿಳಿಯಿರಿ. ದಾರಿಯಲ್ಲಿ ಸ್ಪ್ಲಿಟರ್ ಎಂಬ ಸಣ್ಣ ಪೆಟ್ಟಿಗೆಯು ಒಂದು ಎಳೆಯ ಬೆಳಕನ್ನು ಹಲವು ಎಳೆಗಳಿಗೆ ಹಂಚುತ್ತದೆ. ಅದಕ್ಕೆ ವಿದ್ಯುತ್ ಬೇಕಾಗುವುದಿಲ್ಲ. ಒಂದು ಎಳೆಯನ್ನು ಹೆಚ್ಚಾಗಿ 32 ಅಥವಾ 64 ಮನೆಗಳಿಗೆ ಹಂಚಲಾಗುತ್ತದೆ. ಮನೆಯಲ್ಲಿರುವ ಮೋಡೆಮ್ ಆ ಬೆಳಕನ್ನು ಮರಳಿ ಅಂತರ್ಜಾಲವನ್ನಾಗಿ ಮಾಡುತ್ತದೆ. ಈ ವ್ಯವಸ್ಥೆಯು ಸುಮಾರು 20 ಕಿಲೋಮೀಟರ್ ದೂರದವರೆಗೆ ಕೆಲಸ ಮಾಡುವಂತೆ ರೂಪಿತವಾಗಿದೆ.

ಹಂಚಿದಷ್ಟೂ ಬೆಳಕು ಕ್ಷೀಣಿಸುತ್ತದೆ. ಪ್ರತಿ ಸಲ ಎರಡಾಗಿ ಒಡೆದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಕಳೆದುಹೋಗುತ್ತದೆ. ಒಂದು ಎಳೆಗೆ ಇಷ್ಟೇ ಮನೆಗಳು ಎಂಬ ಮಿತಿ ಇರುವುದು ಈ ಕಾರಣದಿಂದ. 32 ಮನೆಗಳ ಸ್ಪ್ಲಿಟರ್ ತುಂಬಿದ್ದರೆ 33ನೆಯ ಮನೆಯ ಗೋಡೆಗೆ ತಂತಿ ತಾಗಿಕೊಂಡೇ ಹೋಗಿದ್ದರೂ ಅದಕ್ಕೆ ಸಂಪರ್ಕ ದೊರೆಯುವುದಿಲ್ಲ. "ಪೋರ್ಟ್ ಖಾಲಿ ಇಲ್ಲ" ಎಂದು ತಂತ್ರಜ್ಞರು ಹೇಳುವುದು ಇದನ್ನೇ. ಎಲ್ಲ ಸಲವೂ ಅದು ನೆಪವಲ್ಲ. ನಿಜವೇ ಎಂದು ಪೆಟ್ಟಿಗೆ ತೆರೆಸಿ ನೋಡುವ ಹಕ್ಕು ಮಾತ್ರ ನಿಮಗಿದೆಯೆಂದು ಭಾವಿಸಿ ಕೇಳಿರಿ.

ಮನೆಗೆ ದೊರೆಯುತ್ತದೆಯೇ ಎಂದು ತಿಳಿಯುವ ಕ್ರಮ

ಒಂದು ಮನೆಗೆ ಫೈಬರ್ ದೊರೆಯುತ್ತದೆ ಎನ್ನಬೇಕಾದರೆ ನಾಲ್ಕು ಪ್ರಶ್ನೆಗಳಿಗೂ ಹೌದೆಂಬ ಉತ್ತರ ಬರಬೇಕು.

ಮೊದಲನೆಯ ಪ್ರಶ್ನೆ: ನಮ್ಮ ಪ್ರದೇಶದಲ್ಲಿ ತಂತಿಯ ಅಂತರ್ಜಾಲ ಕೊಡುವವರು ಯಾರಿದ್ದಾರೆ? ಇದಕ್ಕೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ವ್ಯವಸ್ಥೆಯಿದೆ. ತಂತಿ ಮೂಲಕ ಸೇವೆ ನೀಡುವ ಅಂತರ್ಜಾಲ ಸಂಸ್ಥೆಗಳನ್ನು ತಿಳಿಯುವ ವಿಭಾಗಕ್ಕೆ ಹೋಗಿ, ಪಿನ್‌ಕೋಡ್ ಅಥವಾ ವಿಳಾಸ ನಮೂದಿಸಿದರೆ ಸಂಸ್ಥೆಗಳ ಹೆಸರುಗಳು ಬರುತ್ತವೆ. ಇದು ಉತ್ತಮ ಆರಂಭ, ಆದರೆ ಆರಂಭ ಮಾತ್ರ. ಶಹಾಪುರದ 585223, ಸುರಪುರದ 585224 ಇಂತಹ ಒಂದು ಪಿನ್‌ಕೋಡಿನಡಿ ಪಟ್ಟಣವೂ ಇರುತ್ತದೆ, ಅದರ ಸುತ್ತಲಿನ ಹಳ್ಳಿಗಳೂ ಇರುತ್ತವೆ. ಪಟ್ಟಣದ ಬಜಾರಿನಲ್ಲಿ ಸೇವೆಯಿದ್ದರೆ ಇಡೀ ಪಿನ್‌ಕೋಡಿಗೆ ಹೆಸರು ಬಂದುಬಿಡುತ್ತದೆ. ನಾನು ಎಡವಿದ್ದು ಇಲ್ಲಿಯೇ.

ಎರಡನೆಯ ಪ್ರಶ್ನೆ: ಕೊನೆಯ ಪೆಟ್ಟಿಗೆ ನಮ್ಮ ಮನೆಯಿಂದ ಎಷ್ಟು ದೂರದಲ್ಲಿದೆ? ಭಾರತ ಸಂಚಾರ ನಿಗಮದ ಫೈಬರ್ ಕಾಯ್ದಿರಿಸುವ ಜಾಲತಾಣದಲ್ಲಿಯೂ ಕೆಲವು ಖಾಸಗಿ ಸಂಸ್ಥೆಗಳ ತಾಣಗಳಲ್ಲಿಯೂ ನಕ್ಷೆಯ ಮೇಲೆ ಮನೆಯ ಜಾಗವನ್ನು ಗುರುತಿಸಿ ಬೇಡಿಕೆ ಸಲ್ಲಿಸಬಹುದು. ಪಿನ್‌ಕೋಡಿಗಿಂತ ಇದು ಹೆಚ್ಚು ನಿಖರ. ನಕ್ಷೆಯಲ್ಲಿ ಗುರುತು ಮಾಡುವಾಗ ಊರಿನ ಹೆಸರಿನ ಮೇಲೆ ಒತ್ತದೆ, ಮನೆಯ ಮಾಳಿಗೆಯ ಮೇಲೆಯೇ ಒತ್ತಬೇಕು. ಸಾಧ್ಯವಾದರೆ ಮನೆಯ ಮುಂದೆ ನಿಂತೇ ಅರ್ಜಿ ಹಾಕಬೇಕು. ಇದರ ಜೊತೆಗೆ ಕಾಲ್ನಡಿಗೆಯ ಪರಿಶೀಲನೆ ಅಗತ್ಯ. ಓಣಿಯ ಕಂಬಗಳನ್ನು ನೋಡಿರಿ. ಕಂಬಕ್ಕೆ ಕಟ್ಟಿದ ಚಿಕ್ಕ ಕಪ್ಪು ಅಥವಾ ಬಿಳಿ ಪೆಟ್ಟಿಗೆಯಿಂದ ತೆಳ್ಳನೆಯ ಕಪ್ಪು ತಂತಿಗಳು ಮನೆಗಳತ್ತ ಹೋಗಿದ್ದರೆ ಅಲ್ಲಿ ಹಂಚಿಕೆ ಇದೆಯೆಂದು ತಿಳಿಯಬಹುದು. ಹೆದ್ದಾರಿಯ ಬದಿಯಲ್ಲಿ ಫೈಬರ್ ಹೂಳಿದ ಗುರುತುಕಲ್ಲು ಇದೆಯೆಂದ ಮಾತ್ರಕ್ಕೆ ಹಿಗ್ಗಬಾರದು. ಅದು ಒಂದು ನಗರದಿಂದ ಇನ್ನೊಂದು ನಗರಕ್ಕೆ ಹೋಗುವ ದೂರದ ಜಾಲವಾಗಿರಬಹುದು. ಯಾದಗಿರಿಯ ಮೇಲೆ 1871ರಿಂದ ರೈಲು ಓಡುತ್ತಿದೆ, ಆದರೆ ಹಳಿ ಹಾದುಹೋಗುವ ಹೊಲಗಳಲ್ಲೆಲ್ಲ ರೈಲು ನಿಲ್ಲುವುದಿಲ್ಲ.

ಮೂರನೆಯ ಪ್ರಶ್ನೆ: ಆ ಪೆಟ್ಟಿಗೆಯಲ್ಲಿ ಪೋರ್ಟ್ ಖಾಲಿ ಇದೆಯೇ? ಇದು ಯಾವ ನಕ್ಷೆಯಲ್ಲಿಯೂ ಜನರಿಗೆ ಕಾಣುವುದಿಲ್ಲ. ಸೇವಾದಾರರ ಕಚೇರಿ ಅಥವಾ ಸ್ಥಳೀಯ ಪಾಲುದಾರರನ್ನೇ ಕೇಳಬೇಕು. ಖಾಲಿ ಇಲ್ಲವೆಂದರೆ ಎಷ್ಟು ಮನೆಗಳು ಮುಂದೆ ಬಂದರೆ ಹೊಸ ಸ್ಪ್ಲಿಟರ್ ಹಾಕುವಿರಿ ಎಂದು ಕೇಳಿ, ಉತ್ತರವನ್ನು ಬರೆದುಕೊಳ್ಳಬೇಕು.

ನಾಲ್ಕನೆಯ ಪ್ರಶ್ನೆ: ಬೆಳಕು ಸಾಕಷ್ಟು ಬರುತ್ತಿದೆಯೇ? ತಂತ್ರಜ್ಞರ ಬಳಿ ಬೆಳಕು ಅಳೆಯುವ ಚಿಕ್ಕ ಮೀಟರ್ ಇರುತ್ತದೆ. ಅದು ಋಣ ಸಂಖ್ಯೆಯನ್ನು ತೋರಿಸುತ್ತದೆ. ಮೈನಸ್ 8ರಿಂದ ಮೈನಸ್ 27ರ ನಡುವೆ ಇದ್ದರೆ ಮನೆಯ ಮೋಡೆಮ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಮೈನಸ್ 27ರ ಅಂಚಿನಲ್ಲಿದ್ದರೆ ಇಂದು ನಡೆದು ನಾಳೆ ನಿಲ್ಲಬಹುದು. ಸಂಪರ್ಕ ಕೊಟ್ಟ ದಿನ ಈ ಸಂಖ್ಯೆಯನ್ನು ಮೋಡೆಮಿನ ಹಿಂಬದಿಯಲ್ಲಿ ಬರೆದಿಡಲು ಹೇಳಿರಿ. ಮುಂದೆ ತೊಂದರೆಯಾದಾಗ ತಂತಿ ಕೆಟ್ಟಿದೆಯೋ ಮೋಡೆಮ್ ಕೆಟ್ಟಿದೆಯೋ ಎಂದು ಬೇಗ ತಿಳಿಯುತ್ತದೆ. ಮೋಡೆಮಿನಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಆಗ ಮೋಡೆಮನ್ನು ಹತ್ತು ಸಲ ಆರಿಸಿ ಹೊತ್ತಿಸಿದರೂ ಪ್ರಯೋಜನವಿಲ್ಲ, ತಂತಿಯನ್ನು ನೋಡಬೇಕು.

ಮೋಸಹೋಗದಿರಲು ಎರಡು ಮಾತು

ಹೆಸರಿನಲ್ಲಿ ಫೈಬರ್ ಎಂದಿದ್ದದ್ದೆಲ್ಲ ಫೈಬರ್ ಅಲ್ಲ. 2023ರಿಂದ ದೊಡ್ಡ ಖಾಸಗಿ ಸಂಸ್ಥೆಗಳು ಏರ್‌ಫೈಬರ್ ಎಂಬ ಸೇವೆಯನ್ನು ಕೊಡುತ್ತಿವೆ. ಅದರಲ್ಲಿ ಮನೆಗೆ ಗಾಜಿನ ಎಳೆ ಬರುವುದಿಲ್ಲ. ಮಾಳಿಗೆಯ ಮೇಲಿನ ಉಪಕರಣವು ಮೊಬೈಲ್ ಗೋಪುರದಿಂದ ನಿಸ್ತಂತುವಾಗಿ ಸಂಪರ್ಕ ಪಡೆಯುತ್ತದೆ. ತಂತಿ ತಲುಪದ ಮನೆಗೆ ಅದು ಉಪಯುಕ್ತವೇ ಹೌದು. ಆದರೆ ಗೋಪುರದ ಸಿಗ್ನಲ್ ಎಷ್ಟಿದೆಯೋ ಅಷ್ಟೇ ಅದರ ಶಕ್ತಿ. ಸುರಪುರದ ಗುಡ್ಡಬಂಡೆಗಳ ಮರೆಯಲ್ಲಿರುವ ಮನೆಯವರು ಕೊಳ್ಳುವ ಮೊದಲು ಪರೀಕ್ಷಿಸಿಯೇ ನೋಡಬೇಕು.

ಇನ್ನೊಂದು ಮಾತು ಹಣದ್ದು. ಸ್ಥಳ ಪರಿಶೀಲನೆ ಆಗುವ ಮೊದಲು, "ಮುಂಗಡ ಕೊಟ್ಟರೆ ನಿಮ್ಮ ಓಣಿಗೆ ತಂತಿ ಎಳೆಯುತ್ತೇವೆ" ಎನ್ನುವವರಿಗೆ ಯಾರೂ ಹಣ ಕೊಡಬಾರದು. ಕೊಡುವಾಗ ಸಂಸ್ಥೆಯ ಹೆಸರಿನ ರಸೀದಿ ಪಡೆಯಬೇಕು. ಮೋಡೆಮ್ ಯಾರ ಸ್ವತ್ತು, ತಂತಿಯ ಉದ್ದಕ್ಕೆ ಹೆಚ್ಚುವರಿ ಹಣ ಇದೆಯೇ, ತಿಂಗಳ ಬಾಡಿಗೆಯಲ್ಲಿ ತೆರಿಗೆ ಸೇರಿದೆಯೇ ಎಂದು ಮೊದಲೇ ಕೇಳಬೇಕು. ದೂರು ಕೊಟ್ಟಾಗ ದೂರಿನ ಸಂಖ್ಯೆ ಪಡೆಯಬೇಕು. ಸಂಸ್ಥೆಯಲ್ಲಿಯೇ ಮೇಲ್ಮನವಿ ಪ್ರಾಧಿಕಾರವಿರುತ್ತದೆ. ಅಲ್ಲಿಯೂ ಪರಿಹಾರ ದೊರೆಯದಿದ್ದರೆ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಜಾಲತಾಣದ ಮೂಲಕ ದೂರಸಂಪರ್ಕ ಇಲಾಖೆಗೆ ದೂರು ಸಲ್ಲಿಸಬಹುದು.

ನಾವೇ ಕಡಿದ ತಂತಿ

ದೂರು ಹೇಳುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ನಾನು ಒಂದು ಪಂಚಾಯತಿಗೆ ಹೊಸದಾಗಿ ವರ್ಗವಾಗಿ ಹೋದಾಗ ಅಲ್ಲಿ ಅಂತರ್ಜಾಲ ನಡೆಯುತ್ತಿಲ್ಲವೆಂದು ಎಲ್ಲರೂ ಹೇಳಿದರು. ಹುಡುಕಿದಾಗ ಉಪಕರಣವು ಹಳೆಯ ಕಡತಗಳ ಕೋಣೆಯಲ್ಲಿ, ಮತದಾರರ ಪಟ್ಟಿಯ ಗಂಟುಗಳ ಹಿಂದೆ ಇತ್ತು. ಅದರ ಪ್ಲಗ್ ತೆಗೆದು ಅಲ್ಲಿ ಫ್ಯಾನಿನ ಪ್ಲಗ್ ಹಾಕಿದ್ದರು. ಪ್ಲಗ್ ಮರಳಿ ಹಾಕಿದ ಮೇಲೆ ಹಸಿರು ದೀಪ ಹೊತ್ತಿತು. ಅಷ್ಟು ದಿನವೂ ಗಣಕಯಂತ್ರ ನಿರ್ವಾಹಕರು ತಮ್ಮ ಮೊಬೈಲ್‌ನಿಂದಲೇ ಪಂಚತಂತ್ರ, ಇ-ಸ್ವತ್ತು ಕೆಲಸಗಳನ್ನು ನಡೆಸಿದ್ದರು.

ಎರಡನೆಯ ಪ್ರಸಂಗ ಇದಕ್ಕಿಂತ ಗಂಭೀರವಾದುದು. ಒಂದು ಮೇ ತಿಂಗಳಲ್ಲಿ ಕುಡಿಯುವ ನೀರಿನ ಕೊಳವೆಗಾಗಿ ನಮ್ಮದೇ ಪಂಚಾಯತಿಯ ಕಾಮಗಾರಿಯಲ್ಲಿ ಜೆಸಿಬಿ ಅಗೆಯಿತು. ಫೈಬರ್ ತಂತಿಯನ್ನು ಸಾಮಾನ್ಯ ಮಣ್ಣಿನಲ್ಲಿ 1.65 ಮೀಟರ್ ಆಳದಲ್ಲಿ ಹೂಳಬೇಕೆಂಬುದು ಯೋಜನೆಯ ನಿಯಮ. ಆದರೆ ಬಂಡೆ ಬಂದಲ್ಲಿ ತಂತಿ ಮೇಲೇರುತ್ತದೆ. ನಮ್ಮ ಭಾಗದಲ್ಲಿ ಒಂದು ಮಾರು ಎರೆಮಣ್ಣಿನ ಪಕ್ಕದಲ್ಲೇ ಬಂಡೆ ಬರುವುದು ನಿಮಗೆ ತಿಳಿದೇ ಇದೆ. ತಂತಿ ತುಂಡಾಯಿತು. ಕೆಲಸದವರು ಮಣ್ಣು ಮುಚ್ಚಿದರು, ನನಗೂ ಗೊತ್ತಾಗಲಿಲ್ಲ. ಪಕ್ಕದ ಪಂಚಾಯತಿಯ ಸಹೋದ್ಯೋಗಿ ಕರೆ ಮಾಡಿ "ನಿಮ್ಮಲ್ಲಿ ನೆಟ್ ನಡೀಲಿಕತ್ತದೇನ್ರಿ?" ಎಂದು ಕೇಳಿದಾಗಲೇ ತಿಳಿದದ್ದು. ಒಂದೇ ಎಳೆಯಲ್ಲಿ ಪೋಣಿಸಿದ ಜಾಲವಾದುದರಿಂದ ನಮ್ಮ ಮುಂದಿನ ಎರಡು ಪಂಚಾಯತಿಗಳೂ ಸ್ತಬ್ಧವಾಗಿದ್ದವು. ದುರಸ್ತಿಗೆ ಹನ್ನೊಂದು ದಿನ ಬೇಕಾಯಿತು. ಶಾಲಾ ವರ್ಗಾವಣೆ, ಪ್ರವೇಶಗಳ ಕಾಲವದು. ಪ್ರಮಾಣಪತ್ರಗಳಿಗಾಗಿ ಬಾಪೂಜಿ ಸೇವಾ ಕೇಂದ್ರಕ್ಕೆ ಬಂದವರನ್ನು ತಾಲ್ಲೂಕಿಗೆ ಕಳುಹಿಸಬೇಕಾಯಿತು. ಒಂದು ದಿನದ ಕೂಲಿ ಮತ್ತು ಬಸ್ಸಿನ ದುಡ್ಡು ಅವರಿಗೆ ನಷ್ಟವಾಯಿತು. ಜಾಲವು ವರ್ತುಲಾಕಾರದಲ್ಲಿದ್ದರೆ ಬೆಳಕು ಇನ್ನೊಂದು ಕಡೆಯಿಂದ ಸುತ್ತಿ ಬರುತ್ತಿತ್ತು. ಹೊಸ ಯೋಜನೆಯಲ್ಲಿ ಆ ಅಂಶಕ್ಕೆ ಇರುವ ಬೆಲೆ ಇದು.

ಅಗೆಯುವ ಮುನ್ನ ತಿಳಿಸಲು 2023ರ ಮಾರ್ಚ್‌ನಿಂದ "ಕಾಲ್ ಬಿಫೋರ್ ಯು ಡಿಗ್" ಎಂಬ ಮೊಬೈಲ್ ಆ್ಯಪ್ ಇದೆ. ಅಗೆಯುವ ಸ್ಥಳವನ್ನು ಅದರಲ್ಲಿ ದಾಖಲಿಸಿದರೆ ಅಲ್ಲಿ ತಂತಿ, ಕೊಳವೆ ಹೊಂದಿರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಇನ್ನು ಮುಂದೆ ಚರಂಡಿಯಾಗಲಿ, ಕೊಳವೆಯಾಗಲಿ, ಸಿಸಿ ರಸ್ತೆಯಾಗಲಿ, ಕಾಮಗಾರಿ ಆದೇಶ ಕೊಡುವಾಗಲೇ ಗುತ್ತಿಗೆದಾರರಿಂದ ಇದನ್ನು ಮಾಡಿಸಬೇಕೆಂದು ನಿಮ್ಮ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿರಿ. ಹಾಗೆಯೇ ತಂತಿ ಹಾಕಲು ಅನುಮತಿ ಕೇಳಿ ಬಂದ ಅರ್ಜಿಗಳನ್ನು ಕಡತದಲ್ಲಿ ಮಲಗಿಸಬಾರದು. ದೂರಸಂಪರ್ಕ ಮಾರ್ಗಹಕ್ಕಿನ 2024ರ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ರಸ್ತೆಯನ್ನು ಮೊದಲಿನಂತೆ ಮಾಡಿಕೊಡಬೇಕೆಂದು ಷರತ್ತು ಹಾಕುವುದು ನಮ್ಮ ಹಕ್ಕು, ಕಾಲಮಿತಿಯಲ್ಲಿ ತೀರ್ಮಾನಿಸುವುದು ನಮ್ಮ ಹೊಣೆ. ವಿದ್ಯುತ್ ಕಂಬಗಳನ್ನು ಬಳಸಬೇಕಾದರೆ ಜೆಸ್ಕಾಂ ಅನುಮತಿ ಬೇಕು. ಅದನ್ನು ಪಡೆಯದೆ ಯಾರೂ ಕಂಬ ಹತ್ತದಂತೆ ನೋಡಿಕೊಳ್ಳಬೇಕು, ಇದು ಜೀವದ ಪ್ರಶ್ನೆ.

ವಾರ್ಡಿನ ಲಭ್ಯತಾ ವಹಿ

ನಾನು ಮೊದಲು ಹೇಳಿದ ದೊಡ್ಡಿಯ ಪ್ರಸಂಗದ ನಂತರ ನಾವು ಒಂದು ಸಾದಾ ನೋಟ್‌ಬುಕ್ ಇಟ್ಟೆವು. ಅದಕ್ಕೆ ಲಭ್ಯತಾ ವಹಿ ಎಂದು ಹೆಸರಿಟ್ಟೆವು. ಸದಸ್ಯರು ತಮ್ಮ ತಮ್ಮ ವಾರ್ಡಿನಲ್ಲಿ ಒಂದು ಸಂಜೆ ನಡೆದು ಪ್ರತಿ ಓಣಿಯ ಮುಂದೆ ನಾಲ್ಕು ಮಾತುಗಳಲ್ಲಿ ಒಂದನ್ನು ಬರೆಯಬೇಕು. "ಇದೆ" ಎಂದರೆ ಆ ಓಣಿಯಲ್ಲಿ ಈಗಾಗಲೇ ಒಂದು ಮನೆಯಲ್ಲಾದರೂ ಫೈಬರ್ ನಡೆಯುತ್ತಿದೆ. "ದೊರೆಯುತ್ತದೆ" ಎಂದರೆ ಸೇವಾದಾರರು ಸ್ಥಳ ನೋಡಿ, ಪೋರ್ಟ್ ಖಾಲಿ ಇದೆಯೆಂದು ಖಚಿತಪಡಿಸಿದ್ದಾರೆ. "ಸಮೀಪವಿದೆ" ಎಂದರೆ ಪೆಟ್ಟಿಗೆ ಹತ್ತಿರದಲ್ಲಿದೆ, ಆದರೆ ಪೋರ್ಟ್ ಅಥವಾ ಕಂಬ ಇಲ್ಲ. "ಇಲ್ಲ" ಎಂದರೆ ಇಲ್ಲ. ಪಕ್ಕದಲ್ಲಿ ಕೊನೆಯ ಪೆಟ್ಟಿಗೆಯಿಂದ ಇರುವ ದೂರ, ಸಂಪರ್ಕ ಬೇಕೆನ್ನುವ ಮನೆಗಳ ಸಂಖ್ಯೆ, ಪರಿಶೀಲಿಸಿದ ದಿನಾಂಕ. ಶಾಲೆ, ಅಂಗನವಾಡಿ, ಆರೋಗ್ಯ ಉಪಕೇಂದ್ರ, ಗ್ರಂಥಾಲಯ ಇವುಗಳಿಗೆ ಪ್ರತ್ಯೇಕ ಸಾಲು.

ದಿನಾಂಕ ಬಹಳ ಮುಖ್ಯ. ಮಾರ್ಚ್‌ನಲ್ಲಿ ಖಾಲಿಯಿದ್ದ ಪೋರ್ಟ್ ಜೂನ್‌ನಲ್ಲಿ ತುಂಬಿರಬಹುದು. ಆರು ತಿಂಗಳಿಗೊಮ್ಮೆ ಗ್ರಾಮ ಸಭೆಯ ಮುನ್ನ ವಹಿಯನ್ನು ಹೊಸದಾಗಿ ಬರೆದು, ಸಭೆಯಲ್ಲಿ ಓದಬೇಕು. ನಾಚಿಕೆಯಿಲ್ಲದೆ "ಇಲ್ಲ" ಎಂಬ ಸಾಲುಗಳನ್ನೂ ಓದಬೇಕು. ನಾವು ಮೊದಲ ಸಲ ಓದಿದಾಗ ವಾರ್ಡೊಂದರ ಸದಸ್ಯರು, "ನಮ್ಮ ವಾರ್ಡಿನ ಮಾನ ಯಾಕ ಕಳೀತೀರಿ?" ಎಂದು ಸಿಟ್ಟಾದರು. ಮುಂದಿನ ತಿಂಗಳು ಅವರೇ ತಮ್ಮ ವಾರ್ಡಿನ ಹದಿನಾಲ್ಕು ಮನೆಗಳ ಸಹಿ ಮಾಡಿಸಿಕೊಂಡು ಬಂದರು.

ಈ ಸಹಿಗಳ ಪ್ರಯೋಜನವೇನೆಂದು ನೀವು ಕೇಳಬಹುದು. ಒಂದು ಮನೆಗಾಗಿ 30 ಕಂಬ ಯಾರೂ ನೆಡುವುದಿಲ್ಲವೆಂದೆ. ಹದಿನಾಲ್ಕು ಮನೆಗಳು ಒಟ್ಟಿಗೆ ಕೇಳಿದಾಗ ಪ್ರತಿ ಮನೆಯ ಪಾಲಿಗೆ ಎರಡೇ ಕಂಬದ ಲೆಕ್ಕ ಬರುತ್ತದೆ. ಸ್ಥಳೀಯ ಪಾಲುದಾರನಿಗೆ ಆಗ ಅದು ವ್ಯವಹಾರವಾಗಿ ಕಾಣುತ್ತದೆ. ಭಾರತ್‌ನೆಟ್‌ನ "ಬೇಡಿಕೆ ಬಂದಲ್ಲಿ" ಎಂಬ ಮಾತಿಗೂ ಇದರಿಂದ ಆಧಾರ ಸಿಗುತ್ತದೆ. ಬೇಡಿಕೆ ಎಂದರೆ ಭಾಷಣದಲ್ಲಿ ಹೇಳಿದ ಬೇಡಿಕೆಯಲ್ಲ. ಯಾವ ದೊಡ್ಡಿ, ಎಷ್ಟು ದೂರ, ಎಷ್ಟು ಮನೆ ಎಂದು ತೋರಿಸಿ, ಗ್ರಾಮ ಸಭೆಯ ಠರಾವಿನೊಂದಿಗೆ ತಾಲ್ಲೂಕು ಪಂಚಾಯತಿಯ ಮೂಲಕ ಹೋದ ಕಾಗದವನ್ನು ಯಾರೂ ಸುಲಭವಾಗಿ ಪಕ್ಕಕ್ಕಿಡಲಾರರು.

ಯಾರಿಗಾಗಿ ಇದೆಲ್ಲ?

ಹೊಟ್ಟೆಗಿಲ್ಲದ ಊರಿಗೆ ಫೈಬರ್ ಏಕೆ ಎಂದು ಹಿರಿಯ ಸದಸ್ಯರೊಬ್ಬರು ನನ್ನನ್ನು ಒಮ್ಮೆ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಸುಗ್ಗಿ ಮುಗಿದೊಡನೆ ನಮ್ಮ ತಾಂಡಾಗಳಿಂದ, ದೊಡ್ಡಿಗಳಿಂದ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುವವರನ್ನು ಫೈಬರ್ ತಡೆಯುತ್ತದೆಯೆಂದು ನಾನು ಹೇಳುವುದಿಲ್ಲ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಅದಕ್ಕೆ ಅಂತರ್ಜಾಲವಿಲ್ಲದ್ದೇ ಕಾರಣವೆಂದೂ ಹೇಳುವುದಿಲ್ಲ. ಶಿಕ್ಷಕರು ಬೇಕು, ಬಸ್ಸು ಬೇಕು, ಮಕ್ಕಳನ್ನು ಹೊಲಕ್ಕೆ ಕಳುಹಿಸದಿರುವ ಮನಸ್ಸು ಬೇಕು. ಆದರೆ ಕೂಲಿಯ ಹಾಜರಾತಿ, ಪಡಿತರ, ಪಿಂಚಣಿ, ಬೆಳೆ ವಿಮೆ, ವಿದ್ಯಾರ್ಥಿವೇತನ ಎಲ್ಲವೂ ಅಂತರ್ಜಾಲದ ಮೂಲಕವೇ ಬರುವಂತೆ ಸರ್ಕಾರವೇ ಮಾಡಿದ ಮೇಲೆ, ಅಂತರ್ಜಾಲವಿಲ್ಲದ ಓಣಿಯು ಸರ್ಕಾರವೂ ಇಲ್ಲದ ಓಣಿಯಾಗುತ್ತದೆ. ಮನೆಮನೆಗೆ ಆಗದಿದ್ದರೆ ಮೊದಲು ಆ ಹಳ್ಳಿಯ ಶಾಲೆಗೆ, ಗ್ರಂಥಾಲಯಕ್ಕೆ ಒಯ್ಯೋಣ. ಹೆಣ್ಣುಮಗಳೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ಹಾಕಲು ಸಂಜೆ ತಾಲ್ಲೂಕಿಗೆ ಹೋಗಿ ಬರುವ ಅಗತ್ಯ ತಪ್ಪಿದರೆ, ಅಷ್ಟರಮಟ್ಟಿಗೆ ನಮ್ಮ ಕೆಲಸ ಸಾರ್ಥಕ.

ಆ ದೊಡ್ಡಿಗೆ ಇಂದಿಗೂ ಫೈಬರ್ ಹೋಗಿಲ್ಲ. ವಹಿಯಲ್ಲಿ ಅದರ ಮುಂದೆ "ಇಲ್ಲ" ಎಂದೇ ಇದೆ: ದೂರ 1.5 ಕಿಲೋಮೀಟರ್, ಬೇಕೆನ್ನುವ ಮನೆಗಳು ಒಂಬತ್ತು, ಠರಾವು ಕಳುಹಿಸಿದೆ. ಕಳೆದ ದೀಪಾವಳಿಯಲ್ಲಿ ಆ ಯುವಕನು ಮತ್ತೆ ಕರೆ ಮಾಡಿ ಅದೇ ಪ್ರಶ್ನೆ ಕೇಳಿದನು. ನಾನು ಆ ಸಾಲನ್ನು ಅವನಿಗೆ ಇದ್ದಂತೆಯೇ ಓದಿ ಹೇಳಿದೆ. "ಆಯ್ತ್ರಿ ಸಾಹೇಬ್ರ, ಬಂದಾಗ ಹೇಳ್ರಿ" ಎಂದನು.

ಸದಸ್ಯ ಬಂಧುಗಳೇ, ನಿಮ್ಮ ವಾರ್ಡಿನವರು ಇದೇ ಪ್ರಶ್ನೆಯನ್ನು ನಿಮಗೆ ಕೇಳುತ್ತಾರೆ. ಉತ್ತರ ಹೌದಾಗಲಿ, ಇಲ್ಲವಾಗಲಿ, ನಡೆದು ನೋಡಿ ಕೊಟ್ಟ ಉತ್ತರವಾಗಿರಲಿ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಲಭ್ಯತಾ ವಹಿಯ ವಿಷಯವನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ.